ಮಕ್ಕಳ ಕೈಗೆ ಕನ್ನಡದ ಕಾಮಿಕ್ಸ್ ಸಿಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಹಿರಿಯರೊಬ್ಬರ ಪತ್ರ ಪ್ರಕಟವಾಗಿದೆ. ಸೂಪರ್‌ಹೀರೊಗಳ ಹುಚ್ಚು ಈಗಿನ ಮಕ್ಕಳಿಗೆ ಸಿನಿಮಾದಿಂದ ಅಂಟಿದ ಹೊಸ ಚಟವೆಂದೂ, ತಮ್ಮ ಕಾಲದವರು ಇಂಥವುಗಳ ಗೊಡವೆಗೆ ಹೋಗದೆ ಒಳ್ಳೆಯ ಪುಸ್ತಕಗಳನ್ನೇ ಓದಿ ಬೆಳೆದರೆಂದೂ ಅವರು ಬರೆದಿದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಮೂವತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿರುವ ನಾನು, ಮಕ್ಕಳ ಕೈಯಿಂದ ಪುಸ್ತಕ ಜಾರುತ್ತಿರುವುದನ್ನು ದಿನವೂ ಕಾಣುತ್ತಿದ್ದೇನೆ. ಆದರೆ ಅವರ ಎರಡನೆಯ ಮಾತನ್ನು ನಾನು ಒಪ್ಪಲಾರೆ. ನಮ್ಮ ಮನೆತನವೊಂದರಲ್ಲೇ ಎಂಬತ್ತೆರಡು ವರ್ಷದ ನನ್ನ ಸೋದರಮಾವನಿಂದ ಹಿಡಿದು ಹತ್ತು ವರ್ಷದ ಮೊಮ್ಮಗಳವರೆಗೆ ಈ ಹುಚ್ಚು ಹತ್ತದವರು ಕಡಿಮೆ. ಹತ್ತಿದ ಬಗೆ ಮಾತ್ರ ಒಬ್ಬೊಬ್ಬರದು ಒಂದೊಂದು. ಯಾರು ಯಾವ ದಾರಿಯಿಂದ ಇದರೊಳಗೆ ಬಂದರು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬಯಸುತ್ತೇನೆ. ಏಕೆಂದರೆ ಈಗಿನ ಮಕ್ಕಳಿಗೆ ಏನು ಕೊರತೆಯಾಗಿದೆ ಎಂಬುದು ಆ ದಾರಿಗಳನ್ನು ನೋಡಿದಾಗಲೇ ತಿಳಿಯುತ್ತದೆ.

ನನ್ನ ಸೋದರಮಾವ 1961ರಲ್ಲಿ ಧಾರವಾಡದ ಕರ್ನಾಟಕ ಕಾಲೇಜಿಗೆ ಸೇರಿದರು. ಹಾಸ್ಟೆಲಿನ ವಾಚನಾಲಯಕ್ಕೆ ಇಲಸ್ಟ್ರೇಟೆಡ್ ವೀಕ್ಲಿ ಎಂಬ ಇಂಗ್ಲಿಷ್ ವಾರಪತ್ರಿಕೆ ಬರುತ್ತಿತ್ತು, ಅದರಲ್ಲಿ ಫ್ಯಾಂಟಮ್ ಎಂಬ ಮುಖವಾಡದ ವೀರನ ಚಿತ್ರಕಥೆ ಬರುತ್ತಿತ್ತು. ಆ ಒಂದು ಪ್ರತಿಗಾಗಿ ಹುಡುಗರು ಸರದಿ ಹಚ್ಚಿ ನಿಲ್ಲುತ್ತಿದ್ದರಂತೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತು ಬಂದ ಮಾವನಿಗೆ ಇಂಗ್ಲಿಷ್ ಕಠಿಣವಾಗಿತ್ತು. "ಪೂರಾ ತಿಳೀತಿದ್ದಿಲ್ಲಪಾ. ಮೊದಲ ಚಿತ್ರ ನೋಡಿ ಕತಿ ಹಿಡೀತಿದ್ದೆ, ಆಮ್ಯಾಲೆ ಡಿಕ್ಷನರಿ ಹಿಡಕೊಂಡು ಮಾತು ಓದತಿದ್ದೆ" ಎಂದು ಅವರು ಈಗಲೂ ಹೇಳುತ್ತಾರೆ. ಮುಂದೆ ವಕೀಲರಾಗಿ ನಲವತ್ತು ವರ್ಷ ಇಂಗ್ಲಿಷಿನಲ್ಲಿ ಕಾಗದಪತ್ರ ಬರೆದ ಅವರ ಇಂಗ್ಲಿಷ್ ಓದು ಶುರುವಾದದ್ದು ಹೀಗೆ.

ಫ್ಯಾಂಟಮ್‌ನನ್ನು ಸೂಪರ್‌ಹೀರೊ ಎಂದು ಕರೆಯಬಹುದೇ ಎಂದು ತಕರಾರು ತೆಗೆಯುವವರಿದ್ದಾರೆ. ಅವನಿಗೆ ಹಾರಲು ಬರುವುದಿಲ್ಲ, ಗುಂಡು ತಾಗಿದರೆ ಗಾಯವಾಗುತ್ತದೆ, ವಯಸ್ಸಾದರೆ ಸಾಯುತ್ತಾನೆ, ಮಗ ಅದೇ ಉಡುಪನ್ನು ತೊಟ್ಟು ಮುಂದುವರಿಯುತ್ತಾನೆ. ಆದರೆ ಲೀ ಫಾಕ್ ಅವನನ್ನು ಅಮೆರಿಕದ ದಿನಪತ್ರಿಕೆಗಳಲ್ಲಿ ಮೊದಲು ತಂದದ್ದು 1936ರ ಫೆಬ್ರುವರಿ 17ರಂದು. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಸೃಷ್ಟಿಸಿದ ಸೂಪರ್‌ಮ್ಯಾನ್ ಬಂದದ್ದು ಆ್ಯಕ್ಷನ್ ಕಾಮಿಕ್ಸಿನ 1938ರ ಜೂನ್ ಸಂಚಿಕೆಯಲ್ಲಿ. ಅಂದರೆ ಮೈಗಂಟಿದ ಉಡುಪು, ಮುಖವಾಡ, ಅದರೊಳಗೆ ಕಣ್ಣುಗುಡ್ಡೆ ಕಾಣದ ಬಿಳಿ ಕಣ್ಣು ಇವೆಲ್ಲ ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಮೊದಲೇ ಫ್ಯಾಂಟಮ್‌ನಲ್ಲಿ ಇದ್ದವು. 1939ರಲ್ಲಿ ಬಂದ ಬ್ಯಾಟ್‌ಮ್ಯಾನ್‌ಗೂ ಯಾವ ಅತಿಮಾನುಷ ಶಕ್ತಿಯಿಲ್ಲ. ಅವನನ್ನು ಆ ಸಾಲಿನಿಂದ ಯಾರೂ ಎಬ್ಬಿಸುವುದಿಲ್ಲ. ವೇಷ, ಗುಟ್ಟು, ಪ್ರತಿಜ್ಞೆ ಈ ಮೂರೂ ಇದ್ದವನನ್ನು ನಾನಂತೂ ಆ ಸಾಲಿನಲ್ಲಿಯೇ ಕೂರಿಸುತ್ತೇನೆ.

ನನ್ನ ಸರದಿ ಬಂದದ್ದು 1979ರಲ್ಲಿ, ನನಗೆ ಹನ್ನೆರಡು ವರ್ಷವಾಗಿದ್ದಾಗ. ಹಳೆ ಬಾಗಲಕೋಟೆಯ ನಮ್ಮ ಓಣಿಯ ತಿರುವಿನಲ್ಲಿ ಬಾಡಿಗೆ ಪುಸ್ತಕದ ಅಂಗಡಿಯೊಂದಿತ್ತು. ಅಂಗಡಿಯೆಂದರೆ ಎರಡು ಹೆಜ್ಜೆ ಅಗಲದ ಒಂದು ಖೋಲಿ, ಅದರ ಮುಂದೆ ಕಡಪಾ ಕಲ್ಲಿನ ಕಟ್ಟೆ. ಒಳಗೆ ಹೆಣ್ಣುಮಕ್ಕಳು ಓದುವ ಸಾಮಾಜಿಕ ಕಾದಂಬರಿಗಳು ಮತ್ತು ಪತ್ತೇದಾರಿಗಳು ಇರುತ್ತಿದ್ದವು; ಬಾಗಿಲಿಗೆ ಅಡ್ಡವಾಗಿ ಕಟ್ಟಿದ ಸುತಳಿಯ ಮೇಲೆ, ಅರಿವೆ ಒಣಹಾಕಿದಂತೆ, ನಡುವೆ ಮಡಚಿ ಜೋತುಬಿಟ್ಟ ಚಂದಮಾಮ, ಇಂದ್ರಜಾಲ ಮತ್ತು ಅಮರ ಚಿತ್ರ ಕಥೆಗಳು. ಮನೆಗೆ ಒಯ್ದರೆ ದಿನಕ್ಕೆ ಹತ್ತು ಪೈಸೆ, ಕಟ್ಟೆಯ ಮೇಲೆ ಕೂತು ಓದಿದರೆ ಐದು ಪೈಸೆ. ಅಪ್ಪನ ಪರಿಚಯವಿದ್ದರೆ ಡಿಪಾಜಿಟ್ ಬೇಡ. ಅಂಗಡಿಯ ಮಾಲೀಕರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. "ಏ ತಮ್ಮಾ, ಮೂಲಿ ಮಡಚಬ್ಯಾಡ, ಎಂಜಲ ಹಚ್ಚಿ ಹಾಳಿ ತಿರುವಬ್ಯಾಡ" ಎಂಬುದು ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ಹೊಸ ಕಾಮಿಕ್ಸ್ ಬಂದೊಡನೆ ಅವರು ಅದರ ತುಕ್ಕು ಹಿಡಿಯುವ ಪಿನ್ನುಗಳನ್ನು ಕಿತ್ತು, ದಬ್ಬಣದಿಂದ ಮೂರು ತೂತು ಹಾಕಿ, ಮೇಣ ಸವರಿದ ದಾರದಿಂದ ಹೊಲಿಯುತ್ತಿದ್ದರು. ಹಳೆಯದಾದ ಮೇಲೆ ಐದೈದು ಸೇರಿಸಿ ರಟ್ಟು ಹಾಕಿ ಒಂದು ಕಟ್ಟು ಮಾಡುತ್ತಿದ್ದರು. ಒಳಗಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಯಾರು ಯಾವ ದಿನ ಒಯ್ದರೆಂಬುದನ್ನು ಸೀಸದ ಕಡ್ಡಿಯಿಂದ ಬರೆಯುತ್ತಿದ್ದರು.

ಇಂದ್ರಜಾಲ ಕಾಮಿಕ್ಸನ್ನು ಮುಂಬೈಯ ಬೆನೆಟ್ ಕೋಲ್ಮನ್ ಸಂಸ್ಥೆ 1964ರ ಮಾರ್ಚ್‌ನಲ್ಲಿ ಆರಂಭಿಸಿತ್ತು. ಮಾವನ ವಾರಪತ್ರಿಕೆಯೂ ಅದೇ ಸಂಸ್ಥೆಯದು. ಫ್ಯಾಂಟಮ್‌ಗೆ ಇಲ್ಲಿ ಇಷ್ಟು ಓದುಗರಿದ್ದಾರೆಂದು ತಿಳಿದ ಮೇಲೆ ಅವನಿಗೆ ಬೇರೆಯದೇ ಪುಸ್ತಕ ಮಾಡಿದರು. ಇಂಗ್ಲಿಷ್, ಹಿಂದಿ, ಮರಾಠಿ, ಬಂಗಾಳಿಗಳ ಜೊತೆಗೆ ಕನ್ನಡದಲ್ಲಿಯೂ ಅದು ಬರುತ್ತಿತ್ತೆಂಬುದೇ ನನ್ನ ಭಾಗ್ಯ. ಇಲ್ಲಿಗಾಗಿ ಕಥೆಯಲ್ಲಿ ಕೆಲವು ಹೆಸರುಗಳನ್ನು ಬದಲಿಸಿದ್ದರು: ಮೂಲದಲ್ಲಿ ಬೆಂಗಾಲ ಎಂದಿದ್ದ ನಾಡು ಡೆಂಕಾಲಿಯಾಯಿತು, ಸಿಂಗ್ ಎಂಬ ಕಡಲ್ಗಳ್ಳರು ಸಿಂಗಾ ಆದರು. ಈ ಡೆಂಕಾಲಿ ಎಲ್ಲಿದೆಯೆಂದು ನಾನು ಮತ್ತು ನನ್ನ ಗೆಳೆಯ ಶಾಲೆಯ ಭೂಪಟದಲ್ಲಿ ಒಂದು ಮಧ್ಯಾಹ್ನವಿಡೀ ಹುಡುಕಿದ್ದೆವು. ಫ್ಯಾಂಟಮ್ ಬಲಗೈ ಉಂಗುರದಿಂದ ಗುದ್ದಿದರೆ ದುಷ್ಟನ ದವಡೆಯ ಮೇಲೆ ತಲೆಬುರುಡೆಯ ಗುರುತು ಮೂಡುತ್ತದೆ, ಎಡಗೈ ಉಂಗುರದ ಗುರುತು ಮಾತ್ರ ರಕ್ಷಣೆಯದು. ನಮ್ಮಲ್ಲಿ ಉಂಗುರಗಳಿರಲಿಲ್ಲ, ಸೋಡಾ ಬಾಟಲಿಯ ಮುಚ್ಚಳವನ್ನು ಮುಂಗೈಗೆ ಒತ್ತಿ ಹಲ್ಲುಹಲ್ಲಾಗಿ ಮೂಡುವ ಚಕ್ರವನ್ನೇ ರಕ್ಷಣೆಯ ಗುರುತೆಂದು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಿದ್ದೆವು.

ಕನ್ನಡದ ಮೇಷ್ಟ್ರಾಗಿ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮನೆಯಲ್ಲಿ ನಾವು ಆಡುವುದು ಬಾಗಲಕೋಟೆಯ ಮಾತು. ಪಠ್ಯಪುಸ್ತಕದ ಕನ್ನಡ ನಮಗೆ ಯಾರೂ ಆಡದ, ಪರೀಕ್ಷೆಗೆಂದು ಬರೆಯುವ ಭಾಷೆಯಾಗಿತ್ತು. ಕಾಮಿಕ್ಸಿನಲ್ಲಿ ಮಾತ್ರ ಆ ಬರಹದ ಕನ್ನಡವನ್ನು ಅವಸರದಲ್ಲಿರುವವರು, ಹೆದರಿದವರು, ಸಿಟ್ಟಿಗೆದ್ದವರು ಆಡುತ್ತಿದ್ದರು. "ನಿಲ್ಲು" ಎಂಬ ಶಬ್ದ ಒಬ್ಬನ ಬಾಯಿಂದ ಹೊರಟು, ಮಾತಿನ ಗುಳ್ಳೆಯೊಳಗೆ ನಿಂತು, ಎದುರಿಗಿದ್ದವನನ್ನು ನಿಜವಾಗಿ ನಿಲ್ಲಿಸುವುದನ್ನು ನಾನು ಮೊದಲು ಕಂಡದ್ದು ಅಲ್ಲಿ. ಶಿಷ್ಟ ಕನ್ನಡಕ್ಕೂ ಜೀವವಿದೆ, ಅದರಲ್ಲಿಯೂ ಬೈಯಬಹುದು, ಬೇಡಬಹುದು ಎಂದು ನನಗೆ ಮನದಟ್ಟು ಮಾಡಿಸಿದವನು ಯಾವ ಪಂಡಿತನೂ ಅಲ್ಲ, ಡೆಂಕಾಲಿಯ ಕಾಡಿನ ಆ ಮುಖವಾಡದವನು. ವಾಕ್ಯ ಚಿಕ್ಕದಾಗಿರಬೇಕು, ಏಕೆಂದರೆ ಗುಳ್ಳೆ ಚಿಕ್ಕದು. ಅನುವಾದಕರು ಆ ಇಕ್ಕಟ್ಟಿನಲ್ಲಿ ಎಷ್ಟು ಚೊಕ್ಕವಾಗಿ ಬರೆಯುತ್ತಿದ್ದರೆಂದು ಈಗ ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ ನೆನೆಯುತ್ತೇನೆ.

1980ರ ಹೋಳಿಯ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಬಾಗಲಕೋಟೆಯ ಹೋಳಿ ಎಂಥದೆಂದು ನಿಮ್ಮ ಓದುಗರಿಗೆ ಹೇಳಬೇಕಿಲ್ಲ; ಹಲಗೆಯ ಸದ್ದು ದಿನಗಟ್ಟಲೆ ನಿಲ್ಲುವುದಿಲ್ಲ, ಬಣ್ಣ ತುಂಬಿದ ಬ್ಯಾರಲ್‌ಗಳನ್ನು ಬಂಡಿಯಲ್ಲಿ ಹೇರಿಕೊಂಡು ಓಣಿಯಿಂದ ಓಣಿಗೆ ಹೋಗುತ್ತಾರೆ. ಮ್ಯಾಂಡ್ರೇಕ್ ಎಂಬ ಜಾದೂಗಾರನ ಕಥೆಯ ಬಾಡಿಗೆ ಪುಸ್ತಕವನ್ನು ಹಿಂದಿರುಗಿಸುವ ದಿನ ಅದೇ ಆಗಿತ್ತು. ಒಂದು ದಿನ ತಡವಾದರೆ ಹತ್ತು ಪೈಸೆ ಹೆಚ್ಚೆಂದು, ಅಂಗಿಯ ಒಳಗೆ ಹೊಟ್ಟೆಗೆ ಒತ್ತಿಟ್ಟುಕೊಂಡು ಗೋಡೆ ಹಿಡಿದು ಹೊರಟೆ. ತಿರುವಿನಲ್ಲಿ ಬಂಡಿ ಎದುರಾಯಿತು. ಅಂಗಡಿ ತಲುಪಿ ಪುಸ್ತಕ ತೆಗೆದಾಗ ನಡುವಿನ ನಾಲ್ಕು ಪುಟ ಗುಲಾಬಿಯಾಗಿ ಒಂದಕ್ಕೊಂದು ಅಂಟಿದ್ದವು. ಬಿಡಿಸಿದರೆ ಚಿತ್ರ ಉಳಿದಿತ್ತು, ಗುಳ್ಳೆಗಳೊಳಗಿನ ಅಕ್ಷರ ಕದಡಿ ಹೋಗಿತ್ತು. ನಾನು ಅಳುತ್ತ ನಿಂತೆ. ಕಾಕಾ ಬಹಳ ಹೊತ್ತು ಪುಟಗಳನ್ನು ನೋಡಿ, "ರೊಕ್ಕ ಬ್ಯಾಡ. ಅಳಿಸಿ ಹೋದ ಮಾತು ನೀನ ಬರದು ಹಚ್ಚು" ಎಂದರು.

ಮೂರು ಸಂಜೆ ಆ ಕಟ್ಟೆಯ ಮೇಲೆ ಕೂತು ಬರೆದೆ. ಪುಸ್ತಕ ನನಗೆ ಬಾಯಿಪಾಠವಾಗಿತ್ತು. ಕಾಕಾ ಬಿಳಿ ಕಾಗದವನ್ನು ಹೆಬ್ಬೆರಳಿನ ಉಗುರಿನಷ್ಟು ಚೂರುಗಳಾಗಿ ಕತ್ತರಿಸಿ ಕೊಡುತ್ತಿದ್ದರು. ನಾನು ಶಾಯಿ ಪೆನ್ನಿನಿಂದ ಬರೆದು, ಊದಿ ಆರಿಸಿ, ಮೈದಾಹಿಟ್ಟಿನ ಅಂಟು ಸವರಿ ಗುಳ್ಳೆಯ ಮೇಲೆ ಕೂರಿಸುತ್ತಿದ್ದೆ. ಒಟ್ಟು ಇಪ್ಪತ್ಮೂರು ಚೀಟಿಗಳಾದವು. ಒಂದು ಗುಳ್ಳೆಯ ಮಾತು ಮಾತ್ರ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಮ್ಯಾಂಡ್ರೇಕನ ಬಲಶಾಲಿ ಜೊತೆಗಾರ ಲೋಥಾರ್ ಬಾಗಿಲು ಒಡೆಯುವ ಚಿತ್ರ ಅದು. ನಾನೇ ಒಂದು ಮಾತು ಕಟ್ಟಿ ಬರೆದು ಅಂಟಿಸಿಬಿಟ್ಟೆ. ಅದೇ ಪ್ರತಿ ಮುಂದೆ ಹತ್ತಾರು ವರ್ಷ ಬಾಡಿಗೆಗೆ ಹೋಯಿತು, ಅದು ನನ್ನ ಮಾತೆಂದು ಯಾರಿಗೂ ಗೊತ್ತಾಗಲಿಲ್ಲ. ನಾನು ಬರೆದದ್ದನ್ನು ಬೇರೆಯವರು ಓದಿದ್ದು ಬದುಕಿನಲ್ಲಿ ಅದೇ ಮೊದಲು.

ನನ್ನ ತಂಗಿ ಆ ಕಟ್ಟೆಯ ಮೇಲೆ ಒಂದು ದಿನವೂ ಕೂರಲಿಲ್ಲ. ಆ ಕಟ್ಟೆ ಹುಡುಗರದ್ದಾಗಿತ್ತು. ನಾನು ತಂದದ್ದನ್ನು ಹಿಂದಿರುಗಿಸುವ ಮೊದಲಿನ ಅರ್ಧ ತಾಸಿನಲ್ಲಿ, ರೊಟ್ಟಿಯ ಹಿಟ್ಟು ನಾದುತ್ತ, ಪಕ್ಕದಲ್ಲಿ ತೆರೆದಿಟ್ಟ ಪುಟವನ್ನು ಮೊಣಕೈಯಿಂದ ತಿರುವಿ ಅವಳು ಓದುತ್ತಿದ್ದಳು. ನಮ್ಮ ವಯಸ್ಸಿನ ಅನೇಕ ಹೆಣ್ಣುಮಕ್ಕಳಿಗೆ ಕಾಮಿಕ್ಸ್ ಸಿಕ್ಕಿದ್ದು ಹೀಗೆ ಅಣ್ಣತಮ್ಮಂದಿರ ಬಾಡಿಗೆಯ ಕೊನೆಯ ಗಳಿಗೆಯಲ್ಲಿ. ಆದ್ದರಿಂದಲೇ ಇರಬೇಕು, ಅವಳ ಓದು ನನ್ನದಕ್ಕಿಂತ ಚುರುಕು.

ಮನೆಯಲ್ಲಿ ಅಪ್ಪನ ಒಪ್ಪಿಗೆ ಇದ್ದದ್ದು ಅಮರ ಚಿತ್ರ ಕಥೆಗೆ ಮಾತ್ರ. ಅದನ್ನು ಕಟ್ಟಿ ಬೆಳೆಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು, ಇಂದ್ರಜಾಲದಲ್ಲಿಯೂ ಕೆಲಸ ಮಾಡಿದವರು. ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿಯೇ ಬಂದವೆಂಬುದನ್ನು, ಇಂಗ್ಲಿಷಿನ ಕೃಷ್ಣನಿಗೆ 11ನೆಯ ಸಂಖ್ಯೆ ಬಿದ್ದದ್ದು ಅದೇ ಕಾರಣಕ್ಕೆಂಬುದನ್ನು ಕನ್ನಡಿಗರು ಮರೆಯಬಾರದು. ಚಿತ್ರಕಥೆಯ ವಿಷಯದಲ್ಲಿ ಕನ್ನಡ ಹಿಂದೆ ಬಿದ್ದ ಭಾಷೆಯಾಗಿರಲಿಲ್ಲ.

ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂಬ ಮಾತೂ ಹೊಸದಲ್ಲ. 1954ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಇದರ ಬಗ್ಗೆ ವಿಚಾರಣೆಯನ್ನೇ ನಡೆಸಿತು. ಕಾಮಿಕ್ಸ್ ಓದಿಯೇ ಮಕ್ಕಳು ಅಪರಾಧಕ್ಕಿಳಿಯುತ್ತಾರೆ ಎಂದು ಫ್ರೆಡ್ರಿಕ್ ವರ್ತಮ್ ಎಂಬ ಮನೋವೈದ್ಯರು ವಾದಿಸಿದ್ದರು. ಪ್ರಕಾಶಕರು ಹೆದರಿ ತಮಗೆ ತಾವೇ ಕಾಮಿಕ್ಸ್ ಕೋಡ್ ಎಂಬ ಕಟ್ಟುಪಾಡು ಹಾಕಿಕೊಂಡರು, ಅದರ ಮುದ್ರೆ ಐವತ್ತಕ್ಕೂ ಹೆಚ್ಚು ವರ್ಷ ಮುಖಪುಟಗಳ ಮೇಲೆ ಇತ್ತು. ಆದರೆ ವರ್ತಮ್ ಅವರ ಟಿಪ್ಪಣಿಗಳನ್ನು ಮೂಲದಲ್ಲಿಯೇ ಪರಿಶೀಲಿಸಿದ ಕ್ಯಾರಲ್ ಟಿಲ್ಲಿ ಎಂಬ ಸಂಶೋಧಕಿ, ಅವರು ಮಕ್ಕಳ ಹೇಳಿಕೆಗಳನ್ನು ತಮ್ಮ ವಾದಕ್ಕೆ ತಕ್ಕಂತೆ ತಿರುಚಿದ್ದರೆಂದು 2012ರಲ್ಲಿ ತೋರಿಸಿದರು. ನಮ್ಮ ಹಿರಿಯ ಓದುಗರು ಇದನ್ನು ಗಮನಿಸಬೇಕೆಂದು ವಿನಂತಿಸುತ್ತೇನೆ.

ಇಂದ್ರಜಾಲ 1990ರಲ್ಲಿ ನಿಂತುಹೋಯಿತು. ಮನೆಮನೆಗೆ ಟಿ.ವಿ. ಬಂದಿತ್ತು. ನಮ್ಮ ಕಾಕಾನ ಅಂಗಡಿ ಅದರ ನಂತರವೂ ಕೆಲವು ವರ್ಷ ಹಳೆಯ ಕಟ್ಟುಗಳ ಮೇಲೆಯೇ ನಡೆಯಿತು. ಅಂಗಡಿಯ ಆ ಕೊನೆಯ ವರ್ಷಗಳಲ್ಲಿ ನನ್ನ ತಂಗಿಯ ಮಗನಿಗೆ ಹತ್ತು ವರ್ಷ. ಅವನಿಗೆ ಕಾಮಿಕ್ಸ್ ಸಿಕ್ಕಿದ್ದು ಸೊಲ್ಲಾಪುರದಲ್ಲಿ. ಬೇಸಿಗೆ ಸೂಟಿಗೆ ಮೀಟರ್ ಗೇಜ್ ರೈಲಿನಲ್ಲಿ ವಿಜಯಪುರ ದಾಟಿ ಅಲ್ಲಿನ ಅತ್ತೆಯ ಮನೆಗೆ ಹೋದವನು, ಬರುವಾಗ ಎರಡು ರಾಜ್ ಕಾಮಿಕ್ಸ್ ಹಿಡಿದುಕೊಂಡು ಬಂದ. ನಾಗರಾಜ 1986ರಲ್ಲಿ, ಸೂಪರ್ ಕಮಾಂಡೊ ಧ್ರುವ 1987ರಲ್ಲಿ ಹುಟ್ಟಿದ ಹಿಂದಿಯ ನಾಯಕರು. ನಾಗರಾಜನ ಮೊದಮೊದಲ ಪುಸ್ತಕಗಳಿಗೆ ಚಿತ್ರ ಬರೆದವರು ಪುಣೆಯ ಪ್ರತಾಪ್ ಮುಳಿಕ್; ಅಮರ ಚಿತ್ರ ಕಥೆಗೂ ಅವರು ಅನೇಕ ಪುಸ್ತಕಗಳನ್ನು ಚಿತ್ರಿಸಿದ್ದರು. ಆದ್ದರಿಂದ ಹಳೆಯ ಕಟ್ಟುಗಳನ್ನು ಓದಿ ಬಂದ ಕಣ್ಣಿಗೆ ಹಾವಿನ ಮೈಯ ಆ ನಾಯಕನ ತೋಳು, ಭುಜದ ಗೆರೆಗಳು ಅಪರಿಚಿತವಾಗಿರಲಿಲ್ಲ. ಧ್ರುವನಿಗೆ ಯಾವ ಮಾಯಾಶಕ್ತಿಯೂ ಇಲ್ಲ. ಸರ್ಕಸ್ಸಿನಲ್ಲಿ ಬೆಳೆದ ಹುಡುಗ, ಬುದ್ಧಿ ಮತ್ತು ವಿಜ್ಞಾನದಿಂದ ಗೆಲ್ಲುತ್ತಾನೆ. "ಮಾಮಾ, ಹಿಂದಿ ಪರೀಕ್ಷಾದಾಗ ನನಗ ಮಾರ್ಕ್ಸ್ ಬಂದದ್ದು ಧ್ರುವನಿಂದ" ಎಂದು ಇಂದಿಗೂ ಅವನು ಹೇಳುತ್ತಾನೆ. ಅವನು ಹಿಂದಿ ಕಲಿತದ್ದು ನನಗೆ ಸಂತೋಷವೇ. ಆದರೆ ನಾನು ಕನ್ನಡದಲ್ಲಿ ಪಡೆದುಕೊಂಡದ್ದನ್ನು ಅವನು ಹಿಂದಿಯಲ್ಲಿ ಪಡೆಯಬೇಕಾಯಿತು. ಒಂದೇ ಪೀಳಿಗೆಯ ಅಂತರದಲ್ಲಿ ನಮ್ಮ ಭಾಷೆಯಿಂದ ಅದು ಕೈತಪ್ಪಿತ್ತು.

ಬೆಳಗಾವಿಯಲ್ಲಿ ಬೆಳೆದ ನನ್ನ ಸಹೋದ್ಯೋಗಿಯೊಬ್ಬರದು ಮತ್ತೊಂದೇ ದಾರಿ. ಅಲ್ಲಿನ ಕ್ಯಾಂಪ್ ಪ್ರದೇಶದಲ್ಲಿ ವರ್ಗವಾಗಿ ಹೋಗುವ ಸೈನ್ಯದ ಕುಟುಂಬಗಳು ತೂಕಕ್ಕೆ ಮಾರಿದ ರದ್ದಿಯಲ್ಲಿ ಅವರಿಗೆ ಅಮೆರಿಕದ ಸ್ಪೈಡರ್‌ಮ್ಯಾನ್ ಸಿಕ್ಕಿತು, ಮುಖಪುಟ ಹರಿದದ್ದು, ಕಿಲೋಗೆ ಎರಡು ರೂಪಾಯಿಯ ರಾಶಿಯಲ್ಲಿ. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಆ ಪಾತ್ರವನ್ನು ತಂದಾಗ ಹೈಸ್ಕೂಲಿನ ಹುಡುಗನನ್ನೇ ನಾಯಕನನ್ನಾಗಿ ಮಾಡಿದ್ದರು. ಅವನಿಗೆ ದುಡ್ಡಿನ ಅಡಚಣೆ, ಮನೆಯಲ್ಲಿ ವಯಸ್ಸಾದ ಚಿಕ್ಕಮ್ಮ, ತನ್ನ ಅಲಕ್ಷ್ಯದಿಂದ ಚಿಕ್ಕಪ್ಪ ಸತ್ತನೆಂಬ ಕೊರಗು. ಹಾರುವವನಿಗಿಂತ ಫೀ ಕಟ್ಟಲಾಗದವನು ತಮಗೆ ಹತ್ತಿರದವನೆನಿಸಿದ ಎಂದು ನನ್ನ ಸಹೋದ್ಯೋಗಿ ಹೇಳುತ್ತಾರೆ.

ಇನ್ನು ಹೇಳಬೇಕಾದದ್ದು ನನಗೆ ಹೇಳಲು ಕಷ್ಟವಾಗುವ ಸಂಗತಿ. 1997ರಲ್ಲಿ ದೂರದರ್ಶನದಲ್ಲಿ ಶಕ್ತಿಮಾನ್ ಶುರುವಾದಾಗ ಒಂದು ಪೀಳಿಗೆಯೇ ಅದರ ಬೆನ್ನು ಹತ್ತಿತು. ಆ ಮಕ್ಕಳಿಗೆ ಸೂಪರ್‌ಹೀರೊ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಪಕ್ಕದ ಮನೆಯ ಪಡಸಾಲೆಯಲ್ಲಿ, ಕರೆಂಟು ಹೋಗದಿರಲಿ ಎಂದು ಬೇಡಿಕೊಳ್ಳುತ್ತ. 2002ರಲ್ಲಿ ನನ್ನ ಎಂಟನೆಯ ತರಗತಿಯಲ್ಲಿದ್ದ ಒಬ್ಬ ಹುಡುಗಿ ವ್ಯಾಕರಣದ ನೋಟುಪುಸ್ತಕದ ಹಿಂದಿನ ಪುಟಗಳಲ್ಲಿ ಚೌಕಗಳನ್ನು ಎಳೆದು, ತನ್ನದೇ ಕಥೆಯೊಂದನ್ನು ಬರೆಯುತ್ತಿದ್ದಳು. ಮೇಲಂಗಿ ತೊಟ್ಟ ಒಬ್ಬ ಹೆಣ್ಣುಮಗಳು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುತ್ತಿರುವ ಮನೆಗಳಿಂದ ಜನರನ್ನು, ದನಗಳನ್ನು, ಒಂದು ತೊಟ್ಟಿಲನ್ನು ಎತ್ತಿಕೊಂಡು ನವನಗರಕ್ಕೆ ಹಾರುವ ಕಥೆ. ಗುಳ್ಳೆಗಳ ಒಳಗಿನ ಮಾತು ನಮ್ಮ ಬಾಗಲಕೋಟೆಯ ಮಾತು. ನಾನು ಅದನ್ನು ಪಾಠದ ನಡುವೆ ಕಸಿದುಕೊಂಡು ಇಡೀ ವರ್ಗದ ಎದುರು ಗದರಿಸಿ ಬೀರುವಿನಲ್ಲಿಟ್ಟೆ. ಕಾಕಾನ ಕಟ್ಟೆಯ ಮೇಲೆ ಬೆಳೆದ ನಾನೇ ಹಾಗೆ ಮಾಡಿದೆ. ವರ್ಷದ ಕೊನೆಗೆ ಹಿಂದಿರುಗಿಸಿದಾಗ ಅವಳು ಪುಸ್ತಕವನ್ನು ತೆರೆಯದೆ ಚೀಲಕ್ಕೆ ಹಾಕಿಕೊಂಡಳು. ಅವಳೀಗ ನರ್ಸ್ ಆಗಿದ್ದಾಳೆ; ಮೊನ್ನೆ ಭೇಟಿಯಾದಾಗ ಕ್ಷಮೆ ಕೇಳಿದೆ. "ಹೋಗಲಿ ಬಿಡ್ರಿ ಸರ್, ಆಮ್ಯಾಲೆ ಬರಿಯೂದ ಬಿಟ್ಟಬಿಟ್ಟೆ" ಎಂದಳು. ಕನ್ನಡದಲ್ಲಿ ಕಾಮಿಕ್ಸ್ ಏಕೆ ಬೆಳೆಯಲಿಲ್ಲ ಎಂದು ಕೇಳುವವರಿಗೆ ಪ್ರಕಾಶಕರನ್ನಷ್ಟೇ ತೋರಿಸಲು ಅಂದಿನಿಂದ ನನಗೆ ಮನಸ್ಸಾಗುವುದಿಲ್ಲ.

ಹಿನ್ನೀರಿನಿಂದಾಗಿ ಹಳೆ ಊರು ನವನಗರಕ್ಕೆ ಎದ್ದುಹೋಗುವ ಕಾಲದಲ್ಲಿ ಕಾಕಾ ಅಂಗಡಿ ಮುಚ್ಚಿದರು. ಸಾಮಾನು ಸಾಗಿಸುವ ಗದ್ದಲದಲ್ಲಿ ನನ್ನನ್ನು ಕರೆದು ಆರು ಕಟ್ಟುಗಳನ್ನು ಕೊಟ್ಟರು, ಒಟ್ಟು ಮೂವತ್ತು ಪುಸ್ತಕಗಳು. ಬಣ್ಣ ಹತ್ತಿದ ಮ್ಯಾಂಡ್ರೇಕ್ ಅವುಗಳಲ್ಲಿ ಇತ್ತು. ಅವರು ತೀರಿಕೊಂಡು ಬಹಳ ವರ್ಷವಾಯಿತು.

ಈಗ ಮೊಮ್ಮಗಳ ಮಾತು. 2023ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಅನಿಮೇಷನ್ ಚಿತ್ರವನ್ನು ಭಾರತದಲ್ಲಿ ಇಂಗ್ಲಿಷ್ ಸೇರಿ ಹತ್ತು ಭಾಷೆಗಳಲ್ಲಿ ಬಿಡುಗಡೆ ಮಾಡಿದರು, ಅವುಗಳಲ್ಲಿ ಕನ್ನಡವೂ ಒಂದು. ಆಗ ಮೂರನೆಯ ತರಗತಿಯಲ್ಲಿದ್ದ ಅವಳು ತನ್ನ ತಾಯಿಯ ಮೊಬೈಲಿನಲ್ಲಿ ಆ ಚಿತ್ರದ ಕನ್ನಡ ಟ್ರೇಲರ್ ನೋಡಿ ಓಡಿಬಂದಳು. ಅದರಲ್ಲಿ ಪವಿತ್ರ್ ಪ್ರಭಾಕರ್ ಎಂಬ ಭಾರತದ ಸ್ಪೈಡರ್‌ಮ್ಯಾನ್ ಕೂಡ ಇದ್ದಾನೆ. 2004ರಲ್ಲಿ ಕಾಮಿಕ್ಸಿನಲ್ಲಿ ಹುಟ್ಟಿದ ಪಾತ್ರ ಅದು. ಜೇಡದ ಹುಡುಗ ತನ್ನ ಭಾಷೆಯಲ್ಲಿ ಮಾತನಾಡಿದ ಸಂಭ್ರಮ ಅವಳ ಮುಖದ ಮೇಲಿತ್ತು. ಮರುಗಳಿಗೆಯಲ್ಲೇ ಕೇಳಿದಳು: "ಅಜ್ಜಾ, ಇದರ ಪುಸ್ತಕ ಕನ್ನಡದಾಗ ಸಿಗತದೇನು?"

ಸಿನಿಮಾ ನೋಡಿದ ಮಗು ಪುಸ್ತಕ ಕೇಳುತ್ತಿದೆ ಎಂಬುದನ್ನು ಹಿರಿಯ ಓದುಗರು ದಯವಿಟ್ಟು ಗಮನಿಸಬೇಕು. ಬಾಗಲಕೋಟೆಯ ಅಂಗಡಿಗಳನ್ನು ಸುತ್ತಿದೆ, ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸು ಹತ್ತಿ ಹುಬ್ಬಳ್ಳಿಗೂ ಹೋಗಿ ಬಂದೆ. ಇಂಗ್ಲಿಷಿನಲ್ಲಿ ಇದ್ದವು, ಒಂದೊಂದಕ್ಕೆ ನೂರಾರು ರೂಪಾಯಿ. ಕನ್ನಡದಲ್ಲಿ ನಾನು ಕೇಳಿದ ಒಂದು ಅಂಗಡಿಯಲ್ಲೂ ಸೂಪರ್‌ಹೀರೊ ಕಾಮಿಕ್ಸ್ ಇರಲಿಲ್ಲ. ಕನ್ನಡ ಮಾಧ್ಯಮದ ಮಗು ಅವಳು. ಕೊನೆಗೆ ಅಟ್ಟದ ಮೇಲಿನ ಟ್ರಂಕು ಇಳಿಸಿ ಕಾಕಾನ ಕಟ್ಟುಗಳನ್ನು ಅವಳ ಮುಂದಿಟ್ಟೆ. ಮೂರನೆಯ ದಿನ ಮ್ಯಾಂಡ್ರೇಕ್ ಪುಸ್ತಕ ಹಿಡಿದು ಬಂದು, ಲೋಥಾರ್ ಬಾಗಿಲು ಒಡೆಯುವ ಚಿತ್ರದ ಮೇಲೆ ಬೆರಳಿಟ್ಟು, "ಅಜ್ಜಾ, ಇದು ನಿನ್ನ ಅಕ್ಷರ" ಎಂದಳು. ನಾನು ಳಕಾರದ ಕೊಂಬನ್ನು ಸುರುಳಿ ಸುತ್ತಿ ಬರೆಯುತ್ತೇನೆ. ಹನ್ನೆರಡರ ವಯಸ್ಸಿನಲ್ಲೂ ಹಾಗೆಯೇ ಬರೆಯುತ್ತಿದ್ದೆನೆಂದು ಅವಳು ತೋರಿಸಿದ ಮೇಲೆಯೇ ನನಗೆ ತಿಳಿಯಿತು.

ನನ್ನ ಮಾವನಿಗೆ ವಾಚನಾಲಯವಿತ್ತು, ನನಗೆ ಐದು ಪೈಸೆಯ ಕಟ್ಟೆಯಿತ್ತು, ತಂಗಿಯ ಮಗನಿಗೆ ಸೊಲ್ಲಾಪುರದ ರೈಲಿತ್ತು. ದುಡ್ಡಿಲ್ಲದ ಮಗುವೂ ಕೈಚಾಚಿದರೆ ನಿಲುಕುವಂತೆ ಎಲ್ಲೋ ಒಂದೆಡೆ ಪುಸ್ತಕ ಇರುತ್ತಿತ್ತು. ಈಗಿನ ಮಗುವಿಗೆ ಮೊಬೈಲಿನಲ್ಲಿ ನಾಯಕ ಸಿಗುತ್ತಾನೆ, ಅದೂ ಕನ್ನಡದಲ್ಲಿ; ಅಲ್ಲಿಂದ ಪುಸ್ತಕದ ಕಡೆಗೆ ತಿರುಗಿದರೆ ಹಿಡಿಯಲು ಏನೂ ಇಲ್ಲ. ಆದ್ದರಿಂದ ನನ್ನ ಮೊದಲ ಬೇಡಿಕೆ ಗ್ರಂಥಾಲಯಗಳದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಇದು ನಮ್ಮದೇ ಹಣ, ಇದರಲ್ಲಿ ಮಕ್ಕಳ ಪಾಲೂ ಇದೆ. 2020ರಲ್ಲಿ ಆರಂಭವಾದ ಓದುವ ಬೆಳಕು ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಹಳ್ಳಿಯ ಮಕ್ಕಳು ಉಚಿತವಾಗಿ ಸದಸ್ಯರಾಗುತ್ತಿದ್ದಾರೆ. ಅರಿವು ಕೇಂದ್ರಗಳೆಂದು ಕರೆಯುವ ಈ ಗ್ರಂಥಾಲಯಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ಕೊಳ್ಳುವಷ್ಟೇ ಉತ್ಸಾಹದಿಂದ ಕನ್ನಡದ ಚಿತ್ರಕಥೆಗಳನ್ನೂ ಕೊಳ್ಳಬೇಕು. ಸಾವಿರಾರು ಗ್ರಂಥಾಲಯಗಳು ಕೊಳ್ಳುತ್ತವೆಂಬ ಭರವಸೆ ಇದ್ದರೆ ಅನುವಾದದ ಹಕ್ಕು ಪಡೆದು ಮುದ್ರಿಸಲು ಕನ್ನಡದ ಪ್ರಕಾಶಕರು ಮುಂದೆ ಬರುತ್ತಾರೆಂದು ನನ್ನ ನಂಬಿಕೆ.

ಕೊಂಡ ಪುಸ್ತಕ ಎಲ್ಲಿರುತ್ತದೆ ಎಂಬುದೂ ಮುಖ್ಯ. ನಾನು ಮೊಮ್ಮಗಳನ್ನು ಕರೆದುಕೊಂಡು ಹೋದ ಗ್ರಂಥಾಲಯವೊಂದರಲ್ಲಿ ಬಣ್ಣದ ಪುಸ್ತಕಗಳೆಲ್ಲ ಗಾಜಿನ ಬೀರುವಿನಲ್ಲಿ ಬೀಗದೊಳಗಿದ್ದವು, ಹರಿಯಬಾರದೆಂದು. ಹರಿದರೆ ಹೊಲಿಯಬಹುದು, ನಮ್ಮ ಕಾಕಾ ಒಂದು ದಬ್ಬಣ ಮತ್ತು ದಾರದಿಂದ ಹತ್ತಾರು ವರ್ಷ ಅದನ್ನೇ ಮಾಡಿದರು. ಎಂಟು ವರ್ಷದ ಮಗುವಿನ ಎದೆಮಟ್ಟದಲ್ಲಿ, ಬಾಗಿಲಿಲ್ಲದ ಕಪಾಟಿನಲ್ಲಿ, ಮುಖಪುಟ ಕಾಣುವಂತೆ ಅವನ್ನು ಇಡಬೇಕು.

ಎರಡನೆಯ ಬೇಡಿಕೆ ನಿಮ್ಮಲ್ಲಿ. ಫ್ಯಾಂಟಮ್ ಹುಟ್ಟಿದ್ದು ದಿನಪತ್ರಿಕೆಯಲ್ಲಿ, ದಿನಕ್ಕೆ ಮೂರ್ನಾಲ್ಕು ಚೌಕಗಳಲ್ಲಿ ಎಂಬುದನ್ನು ನೆನಪಿಸುತ್ತ, ವಾರಕ್ಕೊಮ್ಮೆಯಾದರೂ ಕಾಲು ಪುಟವನ್ನು ಕನ್ನಡದ ಸ್ವಂತ ಚಿತ್ರಕಥೆಗೆ ಬಿಟ್ಟುಕೊಡಬೇಕೆಂದು ಕೋರುತ್ತೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಚಿತ್ರ ಬರೆಯಬಲ್ಲ ಶಿಕ್ಷಕರಿದ್ದಾರೆ, ಪ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಬೋರ್ಡ್ ಪೇಂಟರ್‌ಗಳಿದ್ದಾರೆ. ನೋಟುಪುಸ್ತಕದ ಹಿಂದಿನ ಪುಟಗಳಲ್ಲಿ ಚೌಕ ಎಳೆಯುವ ಮಕ್ಕಳೂ ಇದ್ದಾರೆ. ನನ್ನ ವರ್ಗದಲ್ಲಿ ಸದ್ಯ ಅಂಥ ಇಬ್ಬರಿದ್ದಾರೆ, ಅವರ ಪುಸ್ತಕಗಳನ್ನು ನಾನು ಕಸಿದುಕೊಳ್ಳುವುದಿಲ್ಲ. ನಾಯಕನ ಮಾತು ನಮ್ಮ ಕಡೆಯ ಮಾತಾಗಿದ್ದರೆ ಇನ್ನೂ ಒಳ್ಳೆಯದು.

ಕಾಕಾ ಕೊಟ್ಟ ಆರು ಕಟ್ಟುಗಳನ್ನು ಬೀಗವಿಲ್ಲದ ಕಪಾಟಿನಲ್ಲಿ ಇಡುತ್ತೇವೆ ಎನ್ನುವ ನಮ್ಮ ಜಿಲ್ಲೆಯ ಯಾವುದೇ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಡಲು ನಾನು ಸಿದ್ಧನಿದ್ದೇನೆ. ಐದನ್ನು ನಾಳೆಯೇ ಕೊಡಬಲ್ಲೆ. ಹೋಳಿಯ ಬಣ್ಣ ಹತ್ತಿದ ಕಟ್ಟನ್ನು ಮೊಮ್ಮಗಳು ತನ್ನ ಗೆಳತಿಗೆ ಓದಲು ಕೊಟ್ಟಿದ್ದಾಳೆ. ಅದು ಹಿಂದಿರುಗಿದ ಮೇಲೆ ಕೊಡುತ್ತೇನೆ.

ತಮ್ಮ ವಿಶ್ವಾಸಿ,
ಪ್ರೌಢಶಾಲೆಯ ಕನ್ನಡ ಶಿಕ್ಷಕ,
ನವನಗರ, ಬಾಗಲಕೋಟೆ